ವಿಳಾಸವಿಲ್ಲದ ಇನ್ನೂರು ವರ್ಷ: ಲಂಕೆಯ ಮಲೆಯ ತಮಿಳರು ಕೇಳುತ್ತಿರುವುದೇನು?

ಶ್ರೀಲಂಕಾದ ನುವರ ಎಲಿಯ ಜಿಲ್ಲೆಯ ಒಂದು ಟೀ ತೋಟದ ಲೈನ್ ಮನೆಗೆ, ಅಂದರೆ ಕೂಲಿಗಳ ಸಾಲುಮನೆಗೆ, ನೀವು ಕಾಗದ ಬರೆಯಬೇಕು ಅಂತ ಇಟ್ಟುಕೊಳ್ಳಿ. ವಿಳಾಸ ಏನು ಬರೆಯುತ್ತೀರಿ? ಹೆಸರು, ತೋಟ, ಡಿವಿಜನ್, ಹತ್ತಿರದ ಪೇಟೆ. ಅಷ್ಟೇ. ಬೀದಿಗೆ ಹೆಸರಿಲ್ಲ, ಮನೆಗೆ ಸರ್ಕಾರ ಕೊಟ್ಟ ನಂಬರಿಲ್ಲ. ಎಷ್ಟೋ ತೋಟಗಳಲ್ಲಿ ಆ ಕಾಗದ ಮೊದಲು ಹೋಗುವುದು ತೋಟದ ಆಫೀಸಿಗೆ. ಅಲ್ಲಿಂದ ಯಾರೋ ತಂದುಕೊಟ್ಟಾಗ ಸಿಗುತ್ತದೆ. ಕೆಲಸದ ಇಂಟರ್‌ವ್ಯೂ ಕಾಗದ, ಬ್ಯಾಂಕಿನ ಕಾಗದ, ಕೋರ್ಟಿನ ಕಾಗದ ಎಲ್ಲವೂ ದಿನ ಮುಗಿದ ಮೇಲೆ ಕೈಸೇರುತ್ತವೆ ಅನ್ನುವುದು ಅಲ್ಲಿನ ಹಳೆಯ ದೂರು.

ಆ ಮನೆಯಲ್ಲಿರುವ ಕುಟುಂಬ ಅಲ್ಲಿಗೆ ನಿನ್ನೆ ಮೊನ್ನೆ ಬಂದಿದ್ದಲ್ಲ. ಐದಾರು ತಲೆಮಾರು ಅಲ್ಲೇ ಹುಟ್ಟಿ, ಅಲ್ಲೇ ಚಿಗುರು ಕಿತ್ತು, ಅಲ್ಲೇ ಮಣ್ಣಾಗಿದೆ. ಆದರೂ ಮನೆ ಅವರದ್ದಲ್ಲ, ಮನೆಯ ಕೆಳಗಿನ ಮಣ್ಣೂ ಅವರದ್ದಲ್ಲ.

ಇವರನ್ನು ಸರ್ಕಾರಿ ಲೆಕ್ಕದಲ್ಲಿ ಬಹಳ ಕಾಲ 'ಇಂಡಿಯನ್ ತಮಿಳರು' ಅಂತ ಬರೆದರು. ಅವರು ತಮ್ಮನ್ನು ಕರೆದುಕೊಳ್ಳುವುದು 'ಮಲೈಯಗ ತಮಿಳರು' ಅಂತ. ಮಲೈ ಅಂದರೆ ನಮ್ಮ ಮಲೆಯೇ. ಅಗಂ ಅಂದರೆ ಒಳಗು, ನೆಲೆ, ಮನೆ. ಕನ್ನಡದಲ್ಲಿ ಹೇಳುವುದಾದರೆ ಮಲೆನಾಡಿನವರು. ಜಾಫ್ನಾ, ಬಟ್ಟಿಕಲೋವಾ ಕಡೆಯ ತಮಿಳರು ಬೇರೆ. ಅವರು ಸಾವಿರಾರು ವರ್ಷಗಳಿಂದ ಆ ದ್ವೀಪದಲ್ಲಿರುವವರು. ಯುದ್ಧದ ಸುದ್ದಿಯಲ್ಲಿ ನಾವು ಕೇಳಿದ್ದು ಹೆಚ್ಚಾಗಿ ಅವರ ಬಗ್ಗೆ. ಮಲೆಯ ತಮಿಳರ ಕತೆ ಸುದ್ದಿಯಾಗಿದ್ದು ಕಡಿಮೆ. ಆದರೆ ಆ ಕತೆಯ ಒಂದು ತುಂಡು ನಮ್ಮ ದಕ್ಷಿಣ ಕನ್ನಡದಲ್ಲಿ, ಸುಳ್ಯ ಪುತ್ತೂರಿನ ರಬ್ಬರ್ ತೋಟಗಳಲ್ಲಿ ಬಿದ್ದಿದೆ. ನಾನು ಸುಳ್ಯದ ಕಡೆ ಬೆಳೆದವನು. ಶಾಲೆಯಲ್ಲಿ ನಮ್ಮ ಜೊತೆ ಕೂರುತ್ತಿದ್ದ ಕೆಲವು ಮಕ್ಕಳನ್ನು ಎಲ್ಲರೂ 'ಸಿಲೋನಿನವರು' ಅನ್ನುತ್ತಿದ್ದರು. ಅವರು ನಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಸಿಲೋನ್ ಅನ್ನುವ ಊರು ಎಲ್ಲಿದೆ, ಅಲ್ಲಿಂದ ಇಲ್ಲಿಗೆ ಯಾಕೆ ಬಂದರು ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮೊದಲು ಬಂದಿದ್ದು ಕಾಫಿ. 1820ರ ದಶಕದಲ್ಲಿ ಬ್ರಿಟಿಷರು ಕ್ಯಾಂಡಿ ಸೀಮೆಯ ಗುಡ್ಡಗಳಲ್ಲಿ ಕಾಫಿ ತೋಟ ಹಾಕಿದರು. ಸುತ್ತಲಿನ ಸಿಂಹಳ ರೈತರು ಕೂಲಿಗೆ ಹೆಚ್ಚಾಗಿ ಬರಲಿಲ್ಲ. ಅವರಿಗೆ ಗದ್ದೆ ಇತ್ತು. ಆಗ ತಿರುನೆಲ್ವೇಲಿ, ಮಧುರೈ, ರಾಮನಾಡು, ತಿರುಚ್ಚಿ, ಪುದುಕೋಟೆ, ಸೇಲಂ ಕಡೆಯಿಂದ ಜನರನ್ನು ಕರೆತಂದರು. ಹೆಚ್ಚಿನವರು ದಲಿತರು, ಭೂಮಿ ಇಲ್ಲದವರು, ಬರಗಾಲಕ್ಕೆ ಸಿಕ್ಕವರು. ಅವರನ್ನು ಕರೆತರುತ್ತಿದ್ದವನು ಕಂಗಾಣಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮೇಸ್ತ್ರಿಯನ್ನು ನೆನಪಿಸಿಕೊಂಡರೆ ಕಂಗಾಣಿ ಯಾರು ಅಂತ ತಿಳಿಯುತ್ತದೆ. ಮುಂಗಡ ಕೊಟ್ಟು ಜನರನ್ನು ಕಟ್ಟಿಕೊಂಡು ಬರುವುದು, ಆಮೇಲೆ ಆ ಸಾಲವನ್ನೇ ಹಗ್ಗ ಮಾಡಿ ಹಿಡಿದಿಟ್ಟುಕೊಳ್ಳುವುದು. ಟೀ ಗಿಡದ ಬುಡ ಕೆದಕಿದರೆ ತೆಂಗಿನಕಾಯಿ, ಒಣಮೀನು ಸಿಗುತ್ತದೆ ಅಂತ ಆಸೆ ತೋರಿಸಿ ಕರೆತಂದರು ಅನ್ನುವ ಮಾತು ಮಲೈಯಗದಲ್ಲಿ ಈಗಲೂ ಇದೆ.

ರಾಮೇಶ್ವರದ ಕಡೆಯಿಂದ ದೋಣಿ ಹತ್ತಿ ಮನ್ನಾರಿನಲ್ಲಿ ಇಳಿಯುವುದು. ಅಲ್ಲಿಂದ ಕಾಡಿನ ದಾರಿಯಲ್ಲಿ ನೂರಾರು ಕಿಲೋಮೀಟರ್ ನಡೆದು ಮಾತಳೆ ಮುಟ್ಟುವುದು. ಕಾಲರಾ, ಮಲೇರಿಯಾ, ಹಸಿವು, ಕಾಡುಪ್ರಾಣಿ. ದಾರಿಯಲ್ಲೇ ಬಿದ್ದವರನ್ನು ಅಲ್ಲೇ ಬಿಟ್ಟು ಉಳಿದವರು ನಡೆದರು. ಮುಟ್ಟಿದವರು ಮಾತಳೆಯಲ್ಲಿ ಮಾರಿಯಮ್ಮನ ಗುಡಿ ಕಟ್ಟಿದರು. ಅಷ್ಟು ದೂರ ಜೀವ ಉಳಿಸಿಕೊಂಡು ಬಂದವರಿಗೆ ಮೊದಲು ನೆನಪಾಗಿದ್ದು ಅಮ್ಮ. ಮುತ್ತುಮಾರಿಯಮ್ಮನ ಆ ಗುಡಿ ಈಗ ದೊಡ್ಡ ಗೋಪುರದ ದೇವಸ್ಥಾನವಾಗಿದೆ.

ಕಾಫಿ ಕಾಲದಲ್ಲಿ ಜನ ಹಣ್ಣು ಕೀಳುವ ತಿಂಗಳಿಗೆ ಬಂದು ವಾಪಸು ಹೋಗುತ್ತಿದ್ದರು. ಹಾಗೇ ಮುಂದುವರಿದಿದ್ದರೆ ಇವತ್ತಿನ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆದರೆ 1869ರಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಬಂತು. ಮುಂದಿನ ಒಂದೆರಡು ದಶಕದಲ್ಲಿ ಲಂಕೆಯ ಕಾಫಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಆ ಜಾಗಕ್ಕೆ ಟೀ ಬಂತು. 1867ರಲ್ಲಿ ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವನು ಲೂಲೆಕಂಡೆರ ತೋಟದಲ್ಲಿ 19 ಎಕರೆಗೆ ಟೀ ಹಾಕಿದ್ದ. ಟೀ ಗಿಡ ವರ್ಷವಿಡೀ ಚಿಗುರುತ್ತದೆ. ವಾರಕ್ಕೊಮ್ಮೆ ಕೀಳಲೇಬೇಕು. ಅಂದರೆ ವರ್ಷಪೂರ್ತಿ ಆಳು ಬೇಕು, ಹೆಂಗಸರ ಕೈ ಬೇಕು, ಮಕ್ಕಳೂ ಅಲ್ಲೇ ಬೆಳೆದು ಅಲ್ಲೇ ಕೆಲಸಕ್ಕೆ ಇಳಿಯಬೇಕು. ಹೀಗೆ ಒಂದು ಗಿಡದ ಸ್ವಭಾವ ಬದಲಾಗಿದ್ದಕ್ಕೆ ಒಂದು ಇಡೀ ಜನ ಅಲ್ಲಿ ಬೇರು ಬಿಟ್ಟರು. ಅವರನ್ನು ಆಮೇಲೆ 'ನೀವು ಹೊರಗಿನವರು' ಅಂದವರು ಈ ಮಾತನ್ನು ಯಾವತ್ತೂ ನೆನಪಿಟ್ಟುಕೊಳ್ಳಲಿಲ್ಲ.

ತೋಟದೊಳಗೆ ಬೇರೆಯೇ ಒಂದು ತಮಿಳು ಹುಟ್ಟಿತು. ಇಂಗ್ಲಿಷಿನ ಲೈನ್ ಅಲ್ಲಿ 'ಲಯಂ' ಆಯಿತು. ಬೆಳಗಿನ ಹಾಜರಿ 'ಪೆರಟ್ಟು'. ರೈಲು 'ಕೋಚ್ಚಿ'. ತೋಟದ ಸಾಲ ಬರೆದ ಚೀಟಿ 'ತುಂಡು'. ಆ ತುಂಡಿನಲ್ಲಿ ಬರೆದ ಸಾಲ ತೀರುವವರೆಗೆ ಬೇರೆ ತೋಟಕ್ಕೆ ಹೋಗುವಂತಿರಲಿಲ್ಲ. 1921ರಲ್ಲಿ ಅದನ್ನು ರದ್ದು ಮಾಡಿದರು. ಒಂದು ದಿನದ ಕೆಲಸಕ್ಕೆ 'ಪೇರು', ಅಂದರೆ ಹೆಸರು ಅನ್ನುತ್ತಾರೆ. ಹೇಳಿದಷ್ಟು ಕಿಲೋ ಚಿಗುರು ಕೀಳದಿದ್ದರೆ ಆ ದಿನಕ್ಕೆ 'ಅರೆ ಪೇರು'. ಅರ್ಧ ಕೂಲಿ, ಅರ್ಧ ಹೆಸರು. ಈ ಮಾತನ್ನು ಮೊದಲ ಸಲ ಕೇಳಿದಾಗ ನನಗೆ ತುಂಬಾ ಹೊತ್ತು ಬೇರೇನೂ ತೋಚಲಿಲ್ಲ.

ದೇವರುಗಳೂ ತೋಟದ್ದೇ ಆದವು. ಊರಿನಿಂದ ತಂದ ಮಾರಿಯಮ್ಮ, ಮುನಿಯಾಂಡಿ, ಮಾಡಸಾಮಿ ಇದ್ದೇ ಇದ್ದರು. ಜೊತೆಗೆ ಫ್ಯಾಕ್ಟರಿಯ ಚಕ್ರ ಕಾಯುವ ರೋದಮುನಿ ಬಂದ, ಗಿಡ ಸವರುವ ಕೆಲಸ ಕಾಯುವ ಕವ್ವಾತ್ತು ಸಾಮಿ ಬಂದ. ಮಾಸಿ ತಿಂಗಳಲ್ಲಿ ಕಾಮನ್ ಕೂತ್ತು ನಡೆಯುತ್ತದೆ. ನಮ್ಮ ಉತ್ತರ ಕರ್ನಾಟಕದ ಕಾಮದಹನದ ಕತೆಯೇ. ಶಿವನ ಕಣ್ಣಿಗೆ ಮನ್ಮಥ ಸುಟ್ಟುಹೋಗುವುದು, ರತಿ ಅಳುವುದು. ಆದರೆ ಅಲ್ಲಿ ಅದು ಇಡೀ ತೋಟ ಸೇರಿ ಆಡುವ ಆಟ. ಕಾಮನ ಕಂಬ ನೆಟ್ಟು, 'ತಪ್ಪು' ಅನ್ನುವ ತಮಟೆ ಬಾರಿಸಿ, ದಿನಗಟ್ಟಲೆ ಹಾಡಿ, ಕೊನೆಯ ರಾತ್ರಿ ಬೆಳಗಿನವರೆಗೆ ಆಡುತ್ತಾರೆ. ಬೆಳಿಗ್ಗೆ ಪೆರಟ್ಟಿಗೆ ಕರೆಯಲು ಬಾರಿಸುತ್ತಿದ್ದ ತಪ್ಪನ್ನೇ ರಾತ್ರಿ ದೇವರಿಗೆ ಬಾರಿಸುವುದು. ರತಿಯ ಅಳು ಸಾವಿನ ಮನೆಯ ಒಪ್ಪಾರಿಯ ಹಾಗೆ ಇರುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸಿನ ಹಾಡನ್ನು ಈ ಜನ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದು ಸುಮ್ನೆ ಅಲ್ಲ ಅನಿಸುತ್ತದೆ.

ಹಾಡು ಅಲ್ಲಿ ರಾಜಕೀಯವೂ ಆಯಿತು. ತಂಜಾವೂರಿನಿಂದ ಬಂದ ಪತ್ರಕರ್ತ ಕೋದಂಡರಾಮ ನಟೇಶ ಅಯ್ಯರ್ 1931ರಲ್ಲಿ ತೋಟದ ಕೆಲಸಗಾರರ ಸಂಘ ಕಟ್ಟಿದರು. ಅವರ ಹೆಂಡತಿ ಮೀನಾಕ್ಷಿ ಅಮ್ಮಾಳ್ ಹಾಡು ಬರೆದು, ಸಭೆಗಳಲ್ಲಿ ಹಾಡಿ ಜನರನ್ನು ಸೇರಿಸುತ್ತಿದ್ದರು. ಓದಲು ಬಾರದ ಹೆಂಗಸರಿಗೆ ಹಕ್ಕು ಅಂದರೆ ಏನು ಅಂತ ತಿಳಿಸಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಈಗ ಕತೆಯ ಗಂಟು. 1931ರಲ್ಲಿ ಲಂಕೆಗೆ ಎಲ್ಲ ವಯಸ್ಕರಿಗೂ ಮತದ ಹಕ್ಕು ಬಂತು. ತೋಟದವರಿಗೆ ಷರತ್ತುಗಳ ಮೇಲೆ ಸಿಕ್ಕಿತು. 1947ರ ಚುನಾವಣೆಯಲ್ಲಿ ಅವರ ಪಕ್ಷ ಸಿಲೋನ್ ಇಂಡಿಯನ್ ಕಾಂಗ್ರೆಸ್ ಏಳು ಸೀಟು ಗೆದ್ದಿತು. ಇನ್ನೂ ಹಲವು ಕ್ಷೇತ್ರಗಳಲ್ಲಿ ಅವರ ಮತ ಎಡಪಕ್ಷಗಳಿಗೆ ಹೋಯಿತು. ಅಧಿಕಾರದಲ್ಲಿದ್ದವರಿಗೆ ಇದು ಭಯ ಹುಟ್ಟಿಸಿತು. ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಪ್ರಧಾನಿ ಡಿ.ಎಸ್. ಸೇನಾನಾಯಕೆ ಸರ್ಕಾರ ಪೌರತ್ವ ಕಾಯ್ದೆ ತಂದಿತು. ನೀನು ಲಂಕೆಯಲ್ಲಿ ಹುಟ್ಟಿದರೆ ಸಾಲದು, ನಿನ್ನ ಅಪ್ಪ ಲಂಕೆಯಲ್ಲಿ ಹುಟ್ಟಿದ್ದಕ್ಕೆ, ಇಲ್ಲವೇ ಅಜ್ಜ ಮುತ್ತಜ್ಜ ಇಬ್ಬರೂ ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ತೋರಿಸು ಅಂದಿತು. ಲೈನ್ ಮನೆಯಲ್ಲಿ ಹುಟ್ಟಿದವರ ಕೈಯಲ್ಲಿ ಜನನ ಪತ್ರ ಎಲ್ಲಿರುತ್ತದೆ? ಮುಂದಿನ ವರ್ಷ ಮತದ ಹಕ್ಕೂ ಹೋಯಿತು. ಏಳು ಎಂಪಿಗಳನ್ನು ಕಳಿಸಿದ್ದ ಜನ ಎರಡು ವರ್ಷದೊಳಗೆ ಯಾವ ದೇಶಕ್ಕೂ ಸೇರದವರಾದರು.

ಸಿಂಹಳ ರೈತರ ಕಡೆಯ ಒಂದು ನೋವನ್ನೂ ಇಲ್ಲಿ ಹೇಳಬೇಕು. ಕ್ಯಾಂಡಿ ಸೀಮೆಯ ಹಳ್ಳಿಗಳ ಸುತ್ತಲಿನ ಕಾಡು, ಗೋಮಾಳದಂಥ ಜಾಗವನ್ನೆಲ್ಲ ಬ್ರಿಟಿಷರು 1840ರ ಕಾನೂನಿನಿಂದ ಸರ್ಕಾರದ್ದು ಅಂತ ಮಾಡಿಕೊಂಡು ತೋಟದವರಿಗೆ ಮಾರಿದರು. ಭೂಮಿ ಕಳೆದುಕೊಂಡ ಸಿಟ್ಟು ನಿಜವಾದದ್ದು. ಆದರೆ ಆ ಸಿಟ್ಟು ಹೋಗಿ ತಾಗಿದ್ದು ಭೂಮಿ ಕಿತ್ತುಕೊಂಡವರಿಗಲ್ಲ. ಒಂದು ಗೇಣು ಭೂಮಿಯೂ ಇಲ್ಲದ ಕೂಲಿಗಳಿಗೆ. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ಮುಂದಿನ ಎಪ್ಪತ್ತು ವರ್ಷ ಹಾಗೇ ನಡೆಯಿತು.

ಜಾಫ್ನಾ ತಮಿಳರ ನಾಯಕರಲ್ಲೂ ಎಲ್ಲರೂ ಇವರ ಜೊತೆ ನಿಲ್ಲಲಿಲ್ಲ. ಜಿ.ಜಿ. ಪೊನ್ನಂಬಲಂ ಸರ್ಕಾರ ಸೇರಿದರು. ಎಸ್.ಜೆ.ವಿ. ಚೆಲ್ವನಾಯಗಂ ಅದನ್ನು ವಿರೋಧಿಸಿ ಹೊರಬಂದು 1949ರಲ್ಲಿ ಬೇರೆ ಪಕ್ಷ ಕಟ್ಟಿದರು. ಲಂಕೆಯ ತಮಿಳು ರಾಜಕೀಯದ ದೊಡ್ಡ ಬಿರುಕು ಬಿಟ್ಟಿದ್ದು ಮಲೆಯ ಕೂಲಿಗಳ ವಿಷಯಕ್ಕೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಭಾರತ ಏನು ಮಾಡಿತು? ನೆಹರೂ ಇರುವವರೆಗೆ 'ಅವರು ನಿಮ್ಮ ದೇಶದಲ್ಲಿ ಹುಟ್ಟಿ ದುಡಿದವರು, ನಿಮ್ಮ ಜನ' ಅನ್ನುವುದೇ ನಮ್ಮ ನಿಲುವಾಗಿತ್ತು. ಅವರು ತೀರಿಕೊಂಡ ಐದು ತಿಂಗಳಿಗೆ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಪೌರತ್ವವಿಲ್ಲದ ಜನ 9,75,000. ಅವರಲ್ಲಿ 5,25,000 ಭಾರತಕ್ಕೆ, 3,00,000 ಲಂಕೆಗೆ. ಉಳಿದ ಒಂದೂವರೆ ಲಕ್ಷವನ್ನು ಆಮೇಲೆ ನೋಡೋಣ ಅಂದರು. 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅದನ್ನೂ ಅರ್ಧ ಅರ್ಧ ಹಂಚಿಕೊಂಡರು. ಲಂಕೆ ನಾಲ್ಕು ಜನಕ್ಕೆ ಪೌರತ್ವ ಕೊಟ್ಟರೆ ಭಾರತ ಏಳು ಜನರನ್ನು ಕರೆದುಕೊಳ್ಳಬೇಕು ಅನ್ನುವ ಲೆಕ್ಕ. ದನದ ಸಂತೆಯಲ್ಲೂ ದನದ ಹಲ್ಲು ನೋಡುತ್ತಾರೆ. ಇಲ್ಲಿ ಆ ಜನರ ಮುಖವನ್ನೂ ಯಾರೂ ನೋಡಲಿಲ್ಲ. ನಿಮಗೆ ಎಲ್ಲಿ ಇರಬೇಕು ಅಂತ ಅವರನ್ನು ಒಂದು ಮಾತು ಕೇಳಲಿಲ್ಲ. ಅವರ ದೊಡ್ಡ ಸಂಘದ ನಾಯಕ ಸೌಮ್ಯಮೂರ್ತಿ ತೊಂಡಮಾನ್ ವಿರೋಧಿಸಿದರೂ ಒಪ್ಪಂದ ಜಾರಿಗೆ ಬಂತು.

ಆಮೇಲೆ ಹೊರಟ ರೈಲುಗಳನ್ನು ಮಲೈಯಗದ ಜನ 'ಅಳುಗೈ ಕೋಚ್ಚಿ' ಅನ್ನುತ್ತಾರೆ. ಅಳುವ ರೈಲು. ಒಂದೇ ಮನೆಯಲ್ಲಿ ಅಣ್ಣನಿಗೆ ಭಾರತ, ತಂಗಿಗೆ ಲಂಕೆ. ಅಪ್ಪನ ಹೆಸರು ಒಂದು ಪಟ್ಟಿಯಲ್ಲಿ, ಮದುವೆಯಾದ ಮಗಳ ಹೆಸರು ಇನ್ನೊಂದರಲ್ಲಿ. ಸ್ಟೇಷನ್ನಿನಲ್ಲಿ ಹೋಗುವವರೂ ಅಳುವುದು, ಉಳಿಯುವವರೂ ಅಳುವುದು. ತಲೈಮನ್ನಾರಿನಿಂದ ಹಡಗು, ರಾಮೇಶ್ವರದಲ್ಲಿ ಇಳಿದು ಮಂಡಪಂ ಕ್ಯಾಂಪು. ಮುತ್ತಜ್ಜ ಬಂದ ದಾರಿಯಲ್ಲೇ ಮೊಮ್ಮಗ ವಾಪಸು. ಅವನಿಗೆ ಈ ದೇಶದಲ್ಲಿ ಒಬ್ಬರೂ ಪರಿಚಯವಿಲ್ಲ. ಹೀಗೆ ಬಂದವರು ಮೂರು ಲಕ್ಷಕ್ಕೂ ಜಾಸ್ತಿ.

ಸರ್ಕಾರ ಇವರಿಗೆ ಗೊತ್ತಿದ್ದ ಕೆಲಸವನ್ನೇ ಹುಡುಕಿತು. ನೀಲಗಿರಿಯಲ್ಲಿ ಇವರಿಗಾಗಿಯೇ 1968ರಿಂದ ಸರ್ಕಾರಿ ಟೀ ತೋಟ ಎಬ್ಬಿಸಿದರು. ಕೇರಳದ ಪುನಲೂರಿನಲ್ಲಿ ರಬ್ಬರ್ ತೋಟ. ನಮ್ಮ ರಾಜ್ಯದಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು, ಸುಳ್ಯ ಮತ್ತು ಪುತ್ತೂರಿನ ಸುತ್ತಮುತ್ತ. ಟೀ ಚಿಗುರು ಕೀಳುತ್ತಿದ್ದ ಕೈಗಳು ರಬ್ಬರ್ ಮರಕ್ಕೆ ಗೀರು ಹಾಕುವುದನ್ನು ಕಲಿತವು. ಮಲೆಯ ಚಳಿಯಿಂದ ಬಂದವರು ತುಳುನಾಡಿನ ಮಳೆಗೆ, ಜಿಗಣೆಗೆ ಹೊಂದಿಕೊಂಡರು. ತುಳು, ಅರೆಭಾಷೆ, ಕನ್ನಡ ಎಲ್ಲ ಕಲಿತರು. ಮಕ್ಕಳು ಕನ್ನಡ ಶಾಲೆಗೆ ಹೋದರು. ಕಾಲನಿಯಲ್ಲಿ ಮಾರಿಯಮ್ಮನ ಗುಡಿ ಎದ್ದಿತು. ಅವರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯವರಾಗಿದ್ದರೂ ಆ ಒಂದು ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಅಜ್ಜ ಎಲ್ಲಿಯವನು, ಯಾವ ಊರು, ದಾಖಲೆ ಎಲ್ಲಿ ಅನ್ನುವ ಪ್ರಶ್ನೆ. 1948ರಲ್ಲಿ ಅಲ್ಲಿ ಕೇಳಿದ್ದನ್ನೇ ಇಲ್ಲಿ ಮತ್ತೆ ಕೇಳಿದ ಹಾಗಾಯಿತು. ಅಲ್ಲಿ ಅವರು ಇಂಡಿಯಾದವರು, ಇಲ್ಲಿ ಸಿಲೋನಿನವರು.

ಲಂಕೆಯಲ್ಲಿ ಉಳಿದವರಿಗೂ ಸುಖ ಇರಲಿಲ್ಲ. 1970ರ ದಶಕದಲ್ಲಿ ತೋಟಗಳನ್ನು ಸರ್ಕಾರ ವಹಿಸಿಕೊಂಡಿತು. ಅದೇ ಹೊತ್ತಿಗೆ ತೋಟಗಳಲ್ಲಿ ಹಸಿವಿನಿಂದ ಜನ ಸತ್ತರು. 1977ರಲ್ಲಿ, 1983ರಲ್ಲಿ ತಮಿಳರ ಮೇಲೆ ನಡೆದ ಗಲಭೆ ಮಲೆಯನ್ನೂ ಬಿಡಲಿಲ್ಲ. ಒಂದಷ್ಟು ಜನ ಓಡಿ ಉತ್ತರದ ವವುನಿಯಾ, ಕಿಳಿನೊಚ್ಚಿ ಸೇರಿದರು. ಅಲ್ಲಿ ಯುದ್ಧ ಅವರನ್ನು ಹಿಡಿಯಿತು. ಇನ್ನಷ್ಟು ಜನ ಭಾರತಕ್ಕೆ ದಾಟಿ ತಮಿಳುನಾಡಿನ ನಿರಾಶ್ರಿತರ ಕ್ಯಾಂಪು ಸೇರಿದರು. ಅವರಲ್ಲಿ ಹಲವರಿಗೆ ಇವತ್ತಿಗೂ ಯಾವ ದೇಶದ ಪೌರತ್ವವೂ ಗಟ್ಟಿಯಾಗಿಲ್ಲ. 2019ರ ಭಾರತದ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ. ಇವರ ಮೂಲ ಭಾರತದ್ದು ಅನ್ನುವುದನ್ನು ಎರಡು ದೇಶ ಸೇರಿ ಸಹಿ ಹಾಕಿ ಒಪ್ಪಿದ್ದರೂ ಈ ಪಾಡು.

ಲಂಕೆಯಲ್ಲಿ ಪೌರತ್ವದ ಗಂಟು 1988ರಲ್ಲಿ ಸಡಿಲವಾಗಿ, 2003ರ ಕಾಯ್ದೆಯಿಂದ ಬಿಚ್ಚಿತು. ಆ ವರ್ಷ ಹತ್ತೇ ದಿನಗಳ ಶಿಬಿರದಲ್ಲಿ 1,90,000 ಜನಕ್ಕೆ ಪೌರತ್ವ ಸಿಕ್ಕಿತು ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಹೇಳುತ್ತದೆ. ಹತ್ತು ದಿನದ ಕೆಲಸಕ್ಕೆ 55 ವರ್ಷ ಕಾಯಿಸಿದರು. ಅಷ್ಟರಲ್ಲಿ 1953ರ ಗಣತಿಯಲ್ಲಿ ಲಂಕೆಯ ಜನಸಂಖ್ಯೆಯ ಶೇ. 12ರಷ್ಟಿದ್ದವರು 2012ರ ಹೊತ್ತಿಗೆ ಶೇ. 4ಕ್ಕೆ ಇಳಿದಿದ್ದರು. ಸುಮಾರು 8,39,000 ಜನ.

ಈಗ ಏನು ನಡೆಯುತ್ತಿದೆ? ಸುದ್ದಿಯಲ್ಲಿ ಬರುವುದು ಯಾವಾಗಲೂ ಕೂಲಿಯ ವಿಷಯ. ದಿನಕ್ಕೆ 1,000 ರೂಪಾಯಿ ಕೊಡಿ ಅಂತ ವರ್ಷಗಟ್ಟಲೆ ಹೋರಾಡಿ 2021ರಲ್ಲಿ ಅದು ಸಿಕ್ಕಿತು. ಮರುವರ್ಷವೇ ಲಂಕೆಯ ಆರ್ಥಿಕತೆ ಕುಸಿದು, ಅಕ್ಕಿ ಹಿಟ್ಟಿನ ಬೆಲೆ ಏರಿ ಆ ಸಾವಿರ ಕರಗಿಹೋಯಿತು. 2024ರಲ್ಲಿ 1,350 ಆಯಿತು. 2025ರ ನವೆಂಬರಿನ ಬಜೆಟ್ಟಿನಲ್ಲಿ ಅಧ್ಯಕ್ಷ ಅನುರ ಕುಮಾರ ದಿಸಾನಾಯಕೆ ಮೂಲ ಕೂಲಿ 1,550, ಜೊತೆಗೆ ಸರ್ಕಾರದಿಂದ ಹಾಜರಿಗೆ 200, ಒಟ್ಟು 1,750 ಅಂತ ಹೇಳಿದರು. ನಮ್ಮ ರೂಪಾಯಿಯಲ್ಲಿ ಸುಮಾರು 500. ತೋಟಗಳನ್ನು ಲೀಸಿಗೆ ಪಡೆದ ಕಂಪನಿಗಳು ಯಾವಾಗಲೂ ಹೇಳುವುದು ಒಂದೇ: ಖರ್ಚು ಜಾಸ್ತಿ, ದಕ್ಷಿಣ ಭಾರತ, ಕೀನ್ಯಾದಲ್ಲಿ ಒಬ್ಬ ಆಳು ಕೀಳುವಷ್ಟು ಚಿಗುರು ಇಲ್ಲಿ ಬರುವುದಿಲ್ಲ. ಚಿಗುರು ಕಡಿಮೆ ಬರುವುದು ನಿಜ. ಆದರೆ ಹಳೆಯ ಗಿಡ ಕಿತ್ತು ಹೊಸದು ನೆಡದೆ, ಕಳೆ ತೆಗೆಸದೆ, 2021ರಲ್ಲಿ ಸರ್ಕಾರವೇ ರಾಸಾಯನಿಕ ಗೊಬ್ಬರ ನಿಲ್ಲಿಸಿ ತೋಟ ಸೊರಗಿದ ಮೇಲೆ ಚಿಗುರು ಎಲ್ಲಿಂದ ಬರಬೇಕು? ಗಿಡ ಸೊರಗಿದರೂ ಅರೆ ಪೇರು ಬೀಳುವುದು ಕೀಳುವ ಹೆಂಗಸಿಗೆ.

ನನ್ನ ಪ್ರಕಾರ ಕೂಲಿಯ ಜಗಳ ಕೊಂಬೆಯದ್ದು. ಬೇರು ಇರುವುದು ಭೂಮಿಯಲ್ಲಿ. ಲಯದ ಮನೆ ಕಂಪನಿಯ ಕೆಲಸದ ಜೊತೆ ಬರುತ್ತದೆ. ಮನೆಯಿಂದ ಒಬ್ಬರಾದರೂ ತೋಟದ ಕೆಲಸಕ್ಕೆ ಹೋಗಲೇಬೇಕು ಅನ್ನುವ ಒತ್ತಡ ಇದರಿಂದಲೇ. ಮಗಳು ಓದಿ ಟೀಚರ್ ಆದರೂ, ಮಗ ಕೊಲಂಬೊದ ಅಂಗಡಿಯಲ್ಲಿ ದುಡಿದರೂ, ಅಮ್ಮ ಮಂಡಿ ನೋವಿನಲ್ಲೂ ಬುಟ್ಟಿ ಹೊತ್ತು ಗುಡ್ಡ ಹತ್ತುತ್ತಾಳೆ. ಮನೆ ಉಳಿಯಬೇಕಲ್ವಾ? ಕೊಡಗಿನ ತೋಟಗಳ ಲೈನ್ ಮನೆ ನೋಡಿದವರಿಗೆ ಇದು ಹೊಸದಲ್ಲ. ಸ್ವಂತ ಮನೆ ಇಲ್ಲದವನ ಕೂಲಿ ಮಾತುಕತೆಗೆ ಯಾವ ಬಲವೂ ಇರುವುದಿಲ್ಲ. ಬೇಡ ಅಂತ ಎದ್ದುಹೋಗಲು ಅವನಿಗೊಂದು ಜಾಗ ಬೇಕು.

ಇನ್ನೊಂದು ಸಂಗತಿ ನೋಡಿ. ಇವತ್ತು ಲಂಕೆಯ ಟೀಯಲ್ಲಿ ಮುಕ್ಕಾಲು ಪಾಲು ಬರುವುದು ದೊಡ್ಡ ತೋಟದಿಂದಲ್ಲ, ಸಣ್ಣ ಹಿಡುವಳಿದಾರರಿಂದ. ಹೆಚ್ಚಿನವರು ದಕ್ಷಿಣದ ತಗ್ಗು ಪ್ರದೇಶದ ಸಿಂಹಳ ರೈತರು. ಸ್ವಂತ ಅರ್ಧ ಎಕರೆ, ಒಂದು ಎಕರೆಯಲ್ಲಿ ಟೀ ಬೆಳೆದು ಎಲೆಯನ್ನು ಫ್ಯಾಕ್ಟರಿಗೆ ಮಾರುತ್ತಾರೆ. ಅಂದರೆ ಟೀ ಬೆಳೆಯಲು ಕೂಲಿಗಳ ಲೈನ್ ಬೇಕೇಬೇಕು ಅನ್ನುವುದು ಸುಳ್ಳು. ಈಗ ಕೆಲವು ಕಂಪನಿಗಳು ಕೆಲಸಗಾರರಿಗೆ ಇಷ್ಟು ಗಿಡ ಅಂತ ವಹಿಸಿ, ಎಲೆಯ ತೂಕಕ್ಕೆ ದುಡ್ಡು ಕೊಡುವ ಪದ್ಧತಿ ತರುತ್ತಿವೆ. ಕೇಳಲು ಚೆನ್ನಾಗಿದೆ. ಆದರೆ ಗಿಡ ವಹಿಸುತ್ತಾರೆ, ಗಿಡ ನಿಂತ ನೆಲವನ್ನು ಬರೆದುಕೊಡುವುದಿಲ್ಲ. ಬೆಲೆ ಬಿದ್ದರೆ ನಷ್ಟ ಕೆಲಸಗಾರನಿಗೆ, ಭೂಮಿಯ ಲಾಭ ಕಂಪನಿಗೆ. ಇದು ಹಳೆಯ ಗೇಣಿ ಪದ್ಧತಿ. ಉಳುವವನೇ ಒಡೆಯ ಅನ್ನುವ ಮಾತು ಕೇಳಿ ಬೆಳೆದ ನಮಗೆ ಇದನ್ನು ಗುರುತಿಸುವುದು ಕಷ್ಟವಲ್ಲ.

ಮನೆಯ ವಿಷಯದಲ್ಲಿ ಸ್ವಲ್ಪ ಹೆಜ್ಜೆ ಮುಂದೆ ಬಿದ್ದಿದೆ. ಭಾರತ ಸರ್ಕಾರ ಮಲೆಯಲ್ಲಿ ಮೊದಲು 4,000 ಮನೆ ಕಟ್ಟಿಸಲು ಒಪ್ಪಿತು. 2017ರ ಮೇ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿ ನಾರ್ವುಡ್‌ಗೆ ಹೋಗಿದ್ದಾಗ ಇನ್ನೂ 10,000 ಅಂತ ಘೋಷಿಸಿದರು. ಮನೆಗೆ 7 ಪರ್ಚ್ ಜಾಗ, ಹೊಸ ಯೋಜನೆಯಲ್ಲಿ 10 ಪರ್ಚ್. 7 ಪರ್ಚ್ ಅಂದರೆ ಸುಮಾರು 1,900 ಚದರ ಅಡಿ, ಬೆಂಗಳೂರಿನ ಒಂದೂವರೆ ಸೈಟು. ಅಷ್ಟು ಜಾಗ ತನ್ನ ಹೆಸರಿಗೆ ಸಿಗುವುದು ಇವರ ಪಾಲಿಗೆ 200 ವರ್ಷದಲ್ಲಿ ಮೊದಲು. 2018ರಲ್ಲಿ ಇನ್ನೊಂದು ಕಾನೂನು ತಿದ್ದಿದರು. ಅಲ್ಲಿಯವರೆಗೆ ನಮ್ಮ ಪಂಚಾಯ್ತಿಯಂಥ ಪ್ರಾದೇಶೀಯ ಸಭೆಗಳು ತೋಟದೊಳಗಿನ ರಸ್ತೆಗೆ, ನೀರಿಗೆ ದುಡ್ಡು ಹಾಕುವಂತೆಯೇ ಇರಲಿಲ್ಲ. ಮತ ಹಾಕಬಹುದು, ಗೆದ್ದು ಸದಸ್ಯರೂ ಆಗಬಹುದು, ತನ್ನದೇ ಲಯಕ್ಕೆ ಒಂದು ಮೆಟ್ಟಿಲು ಕಟ್ಟಿಸುವಂತಿಲ್ಲ. 2024ರ ಚುನಾವಣೆಯಲ್ಲಿ ಮಲೈಯಗದ ಹೆಣ್ಣುಮಕ್ಕಳು ಮೊದಲ ಸಲ ಸಂಸತ್ತಿಗೆ ಗೆದ್ದುಹೋದರು. ಇದು ನನಗೆ ನಿಜವಾಗಿ ಖುಷಿ ಕೊಟ್ಟ ಸುದ್ದಿ. ಟೀ ಕಿತ್ತು ದೇಶಕ್ಕೆ ಡಾಲರ್ ತಂದವರು ಹೆಚ್ಚಾಗಿ ಹೆಂಗಸರು, ಸಂಘದ ಕುರ್ಚಿಯಲ್ಲಿ ಕೂತವರು ಹೆಚ್ಚಾಗಿ ಗಂಡಸರು.

ಆದರೆ ಮನೆಗಳ ವೇಗ ತುಂಬಾ ನಿಧಾನ. ದೊಡ್ಡ ಪಾಲು ಜನ ಇನ್ನೂ ಲಯದಲ್ಲೇ ಇದ್ದಾರೆ. ಹತ್ತು ಅಡಿ ಹನ್ನೆರಡು ಅಡಿಯ ಒಂದು ಕೋಣೆ (ಅವರ ಮಾತಿನಲ್ಲಿ 'ಕಾಂಬರಾ'), ಮುಂದೊಂದು ಜಗಲಿ, ತಗಡಿನ ಮಾಡು. ನೂರು ವರ್ಷ ದಾಟಿದ ಗೋಡೆಗಳು. 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಲಂಕೆಗೆ ಬಡಿದಾಗ ಹೆಚ್ಚು ಕುಸಿದದ್ದು ಈ ಮಲೆಯೇ. ಕ್ಯಾಂಡಿ, ಬದುಳ್ಳ, ನುವರ ಎಲಿಯ ಜಿಲ್ಲೆಗಳಲ್ಲಿ ಗುಡ್ಡ ಜರಿದವು. ದೇಶದಲ್ಲಿ ಸತ್ತವರು 600ಕ್ಕೂ ಹೆಚ್ಚು. 2018ರಲ್ಲಿ ಕೊಡಗಿನ ಗುಡ್ಡ ಜರಿದದ್ದನ್ನು ಕಂಡ ನಮಗೆ ಆ ಚಿತ್ರ ಹೊಸದಲ್ಲ. ಗುಡ್ಡ ಕುಸಿದ ಮೇಲೆ ಸರ್ಕಾರ ಕೇಳುವ ಮೊದಲ ಪ್ರಶ್ನೆ ನಿಮ್ಮ ಜಾಗದ ಪತ್ರ ಎಲ್ಲಿ ಅಂತ. ಹಳ್ಳಿಯ ರೈತ ಕುಸಿದ ಜಾಗದ ಪತ್ರವನ್ನಾದರೂ ತೋರಿಸುತ್ತಾನೆ. ಲಯದವರು ಏನು ತೋರಿಸಬೇಕು? ಅಪಾಯದ ಜಾಗ ಬಿಟ್ಟು ಹೋಗಿ ಅನ್ನುತ್ತಾರೆ. ಎಲ್ಲಿಗೆ ಹೋಗುವುದು, ಮೇಲೆ ಕೆಳಗೆ ಎಲ್ಲ ಕಂಪನಿಗೆ ಲೀಸಿಗೆ ಕೊಟ್ಟ ತೋಟ. ಸುರಕ್ಷಿತವಾದ ಸಮತಟ್ಟು ಜಾಗದಲ್ಲಿ ಟೀ ಇದೆ, ಇಳಿಜಾರಿನಲ್ಲಿ ಜನ ಇದ್ದಾರೆ.

ಮಲೈಯಗದ ಜನ 2023ರಲ್ಲಿ 200 ವರ್ಷದ ನೆನಪಿಗೆ ಜಾತ್ರೆ ಮಾಡಲಿಲ್ಲ. ನಡೆದರು. ಜುಲೈ ಕೊನೆಗೆ ತಲೈಮನ್ನಾರಿನಲ್ಲಿ ಹೊರಟು, ಮುತ್ತಜ್ಜಂದಿರ ಅದೇ ದಾರಿಯಲ್ಲಿ ಆಗಸ್ಟಿನಲ್ಲಿ ಮಾತಳೆ ಮುಟ್ಟಿದರು. ದಾರಿಯುದ್ದಕ್ಕೂ ಸಿಂಹಳರು, ಮುಸ್ಲಿಮರು, ಉತ್ತರದ ತಮಿಳರು ಜೊತೆಗೂಡಿದರು. ಅವರು ಕೇಳಿದ್ದು ಭೂಮಿ, ಮನೆ, ಬದುಕಲು ಸಾಲುವ ಕೂಲಿ, ಉಳಿದ ಪ್ರಜೆಗಳಿಗೆ ಸಿಗುವ ಸೇವೆ. ಮತ್ತು ಹೆಸರು. ಇಂಡಿಯನ್ ತಮಿಳರು ಅಂತ ಕರೆಯಬೇಡಿ, ನಾವು ಈ ಮಲೆಯ ಜನ ಅನ್ನುವುದು. ಕಳೆದ ಗಣತಿಯಲ್ಲಿ ಆ ಹೆಸರೂ ಫಾರಂಗೆ ಬಂತು.

ನಮ್ಮ ಕಡೆ ಇವರ ವಿಷಯ ಬಂದಾಗ ಎರಡೇ ಮಾತು ಕೇಳುತ್ತೇನೆ. ಒಂದು, ಪಾಪ ಅನ್ನುವುದು. ಇನ್ನೊಂದು, ತಮಿಳರಿಗೆ ತಮಿಳುನಾಡು ಇದೆಯಲ್ಲ ಅನ್ನುವುದು. ಎರಡೂ ತಪ್ಪು. ಅಲ್ಲಿ ಬಡಿಗೆ ಹಿಡಿದು ಬಂದವರೂ 'ನಿಮಗೆ ಇಂಡಿಯಾ ಇದೆಯಲ್ಲ' ಅಂತಲೇ ಅಂದಿದ್ದು.

ಕೆಲವು ವರ್ಷದ ಹಿಂದೆ ಸುಳ್ಯದ ಹತ್ತಿರದ ಒಂದು ರಬ್ಬರ್ ಕಾಲನಿಯಲ್ಲಿ ಹಳೆಯ ಸಹಪಾಠಿಯ ಮನೆಗೆ ಹೋಗಿದ್ದೆ. ಅವನ ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಮಾತಿನ ನಡುವೆ, 'ಪಾಟಿ, ಅಲ್ಲಿ ನಿಮ್ಮ ಊರು ಯಾವುದು?' ಅಂತ ಕೇಳಿದೆ. ಅವರು ಕಣ್ಣು ಮುಚ್ಚಿ ಶಾಲೆಯ ಮಗು ಮಗ್ಗಿ ಹೇಳುವ ಹಾಗೆ ಹೇಳಿದರು. ತೋಟದ ಹೆಸರು. ಮೇಲಿನ ಡಿವಿಜನ್. ಐದನೇ ಲಯ. ಏಳನೇ ಕಾಂಬರಾ. ಆಮೇಲೆ, ನಾನು ಬರೆದುಕೊಳ್ಳುತ್ತಿಲ್ಲ ಅಂತ ನೋಡಿ, ಇನ್ನೊಂದು ಸಲ ನಿಧಾನಕ್ಕೆ ಹೇಳಿದರು.